ಮಕ್ಕಳ ಗುಟ್ಟು ಭಾಷೆಗಳು ಹೇಗೆ ಕೆಲಸ ಮಾಡುತ್ತವೆ?

"ಕನಾಕಳೆ ಕಮಕರಕದ ಕಕೆಕಳಕಗೆ ಕಸಿಕಗೋಕಣ."

ಹೀಗೆ ಬರೆದು ಕೊಟ್ಟರೆ ಇದು ಅಷ್ಟೇನೂ ಕಷ್ಟವಲ್ಲ. ಎರಡು ಸಲ ಕಣ್ಣಾಡಿಸಿದರೆ ಗುಟ್ಟು ಬಯಲಾಗುತ್ತದೆ. ಆದರೆ ಇಬ್ಬರು ಮಕ್ಕಳು ಇದನ್ನೇ ಪಟಪಟ ಅಂತ ಒಂದೇ ಉಸಿರಿಗೆ ಹೇಳಿದರೆ ಪಕ್ಕದಲ್ಲೇ ನಿಂತ ದೊಡ್ಡವರಿಗೆ ತಲೆಬುಡ ತಿಳಿಯುವುದಿಲ್ಲ. ಇದು ಕ ಭಾಷೆ. ಪ್ರತಿ ಅಕ್ಷರಕ್ಕೂ ಮುಂಚೆ ಒಂದು ‘ಕ’ ಸೇರಿಸಬೇಕು. ನಿಯಮ ಅಷ್ಟೇ. ಸೇರಿಸಿದ ‘ಕ’ಗಳನ್ನೆಲ್ಲ ತೆಗೆದರೆ ಉಳಿಯುವುದು "ನಾಳೆ ಮರದ ಕೆಳಗೆ ಸಿಗೋಣ" ಅನ್ನುವ ಸಾದಾ ಮಾತು.

ಜಗತ್ತಿನ ಎಷ್ಟೋ ಕಡೆ ಮಕ್ಕಳು ಇಂಥ ಆಟ ಕಟ್ಟಿಕೊಂಡಿದ್ದಾರೆ. ಭಾಷಾಶಾಸ್ತ್ರದಲ್ಲಿ ಇವಕ್ಕೆ ಲಡ್ಲಿಂಗ್ ಅನ್ನುವ ಹೆಸರಿದೆ. 1972ರಲ್ಲಿ ಡಾನ್ ಲೇಕಾಕ್ ಎಂಬ ವಿದ್ವಾಂಸ ಬೇರೆ ಬೇರೆ ದೇಶಗಳ ಆಟಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬಳಸಿದ ಹೆಸರು ಅದು. ದೊಡ್ಡವರು ಇವನ್ನು ಸುಮ್ನೆ ತುಂಟಾಟ ಅಂತ ತಳ್ಳಿಹಾಕುವುದೇ ಜಾಸ್ತಿ. ನನಗೆ ಇವು ಬಹಳ ದೊಡ್ಡ ವಿಷಯ ಅನ್ನಿಸುತ್ತವೆ. ಯಾಕೆಂದರೆ ಆಟ ಆಡಬೇಕಾದರೆ ಮೊದಲು ಪದವನ್ನು ಕತ್ತರಿಸಬೇಕು. ಎಲ್ಲಿ ಕತ್ತರಿಸಬೇಕು ಅಂತ ಮಗುವಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಆದರೂ ಅದು ತನ್ನ ಭಾಷೆ ಒಪ್ಪುವ ಜಾಗದಲ್ಲೇ ಕತ್ತರಿಸುತ್ತದೆ. ಆ ಜಾಗ ಭಾಷೆಯಿಂದ ಭಾಷೆಗೆ ಬೇರೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಕ ಭಾಷೆ ಅಂತ ಕರೆದರೂ ಅದು ಬೇರೆ ಭಾಷೆಯಲ್ಲ. ಪದಗಳು ಕನ್ನಡದವೇ. ವಾಕ್ಯದಲ್ಲಿ ಅವು ಬರುವ ಕ್ರಮ, ವಿಭಕ್ತಿ, ಕ್ರಿಯಾಪದದ ಕೊನೆ, ಎಲ್ಲವೂ ಕನ್ನಡದ್ದೇ. ಮಾತು ಬಾಯಿಂದ ಹೊರಬೀಳುವ ಕೊನೇ ಗಳಿಗೆಯಲ್ಲಿ ದನಿಗಳ ಮೇಲೆ ಒಂದು ಸಣ್ಣ ನಿಯಮ ಹರಿದುಹೋಗುತ್ತದೆ. ಹಾಗಾಗಿಯೇ ಇದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಹೊಸ ಭಾಷೆ ಕಲಿಯಲು ವರ್ಷಗಳು ಬೇಕು, ಅಲ್ವಾ?

ದನಿ ಸೇರಿಸುವ ಆಟಗಳು

ಹೆಚ್ಚು ಕಾಣುವುದು ಇದೇ ಬಗೆ. ಸ್ಪ್ಯಾನಿಷ್ ಮಾತಾಡುವ ಮಕ್ಕಳ ‘ಹೆರಿಂಗೋನ್ಸಾ’ದಲ್ಲಿ ಪ್ರತಿ ಸ್ವರದ ನಂತರ ‘ಪ್’ ಸೇರಿಸಿ ಅದೇ ಸ್ವರವನ್ನು ಮತ್ತೆ ಹೇಳುತ್ತಾರೆ. ‘ಓಲಾ’ ಅನ್ನುವುದು ‘ಓಪೋಲಾಪಾ’ ಆಗುತ್ತದೆ. ಕನ್ನಡಕ್ಕೆ ಹಾಕಿದರೆ ‘ನಾಳೆ’ ಹೋಗಿ ‘ನಾಪಾಳೆಪೆ’. ಜಪಾನಿನ ಮಕ್ಕಳು ‘ಬ್’ ಸೇರಿಸುತ್ತಾರೆ: ಬೆಕ್ಕಿಗೆ ಅಲ್ಲಿ ‘ನೆಕೊ’, ಆಟದಲ್ಲಿ ‘ನೆಬೆಕೊಬೊ’. ಹಂಗೇರಿಯವರದು ‘ವ್’. ‘ನೀನು’ ಅನ್ನುವ ‘ತೆ’ ಅವರ ಆಟದಲ್ಲಿ ‘ತೆವೆ’ ಆಗುತ್ತದೆ. ಹಂಗೇರಿಯನ್ ಭಾಷೆಯಲ್ಲಿ ‘ತೆವೆ’ ಅಂದರೆ ಒಂಟೆ, ಹಾಗಾಗಿ ಅಲ್ಲಿನ ಮಕ್ಕಳಿಗೆ ನಗಲು ಇನ್ನೊಂದು ಕಾರಣ ಸಿಗುತ್ತದೆ. ಇಟಲಿಯಲ್ಲಿ ‘ಫ್’. ಹೀಬ್ರೂ ಮಾತಾಡುವ ಮಕ್ಕಳೂ ‘ಬ್’ ಬಳಸುತ್ತಾರೆ. ‘ನಾನು’ ಎಂಬ ಅರ್ಥದ ‘ಅನಿ’ ಅವರಲ್ಲಿ ‘ಅಬನಿಬಿ’. 1978ರಲ್ಲಿ ಯೂರೋವಿಷನ್ ಸ್ಪರ್ಧೆ ಗೆದ್ದ ಇಸ್ರೇಲಿನ ಹಾಡಿನ ಪಲ್ಲವಿ ಈ ಆಟದ ಭಾಷೆಯಲ್ಲೇ ಇತ್ತು.

ಪ, ಬ, ವ, ಫ. ಈ ನಾಲ್ಕೂ ತುಟಿಯಿಂದ ಹುಟ್ಟುವ ದನಿಗಳು. ಇದು ಬರೀ ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ತುಟಿ ಮುಚ್ಚಿ ತೆರೆಯುವಾಗ ನಾಲಿಗೆಗೆ ಕೆಲಸವಿಲ್ಲ. ಆಗಷ್ಟೇ ಹೇಳಿದ ಸ್ವರಕ್ಕೆ ನಾಲಿಗೆ ಯಾವ ಆಕಾರದಲ್ಲಿ ಇತ್ತೋ ಹಾಗೇ ಇದ್ದು ಅದೇ ಸ್ವರವನ್ನು ಇನ್ನೊಮ್ಮೆ ಕೊಡಬಹುದು. ‘ನಾಪಾಳೆಪೆ’ ಅಂತ ಜೋರಾಗಿ ಹೇಳಿ ನೋಡಿ, ಆಮೇಲೆ ‘ನಾಟಾಳೆಟೆ’ ಅಂತ ಹೇಳಿ. ಎರಡನೆಯದರಲ್ಲಿ ನಾಲಿಗೆ ಎಷ್ಟು ಓಡಾಡುತ್ತದೆ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಕ ಭಾಷೆಯ ಉಪಾಯ ಇವಕ್ಕಿಂತ ಬೇರೆ. ಅದು ದನಿಯನ್ನು ಅಕ್ಷರದ ನಂತರ ಸೇರಿಸುವುದಿಲ್ಲ, ಮುಂಚೆಯೇ ಸೇರಿಸುತ್ತದೆ. ಕೇಳಲು ಇದು ಚಿಕ್ಕ ವ್ಯತ್ಯಾಸ, ಆದರೆ ಪರಿಣಾಮ ದೊಡ್ಡದು. ನಾವು ಯಾರದೋ ಮಾತು ಕೇಳುವಾಗ ಪದ ಮುಗಿಯುವವರೆಗೂ ಕಾಯುವುದಿಲ್ಲ. ಮೊದಲ ದನಿ ಕಿವಿಗೆ ಬಿದ್ದ ತಕ್ಷಣ ಮಿದುಳು ಊಹಿಸಲು ಶುರುಮಾಡುತ್ತದೆ. ‘ಮ’ ಅಂತ ಕೇಳಿದ ಕೂಡಲೇ ಮರ, ಮನೆ, ಮಳೆ ಎಲ್ಲ ಎದ್ದು ಕೂರುತ್ತವೆ. ‘ನಾಪಾಳೆಪೆ’ಯಲ್ಲಿ ಪದದ ಮೊದಲ ಅಕ್ಷರವಾದರೂ ಹಾಗೇ ಉಳಿದಿದೆ, ಊಹೆಗೆ ಒಂದು ಹಿಡಿ ಸಿಗುತ್ತದೆ. ಕ ಭಾಷೆಯಲ್ಲಿ ಅದೂ ಇಲ್ಲ. ಪ್ರತಿ ಪದವೂ ‘ಕ’ದಿಂದಲೇ ಶುರು. ‘ಕಮಕರ’ ಅಂತ ಕೇಳಿದವರ ಮಿದುಳು ಕಮಲದ ಕಡೆ ಓಡುತ್ತದೆ, ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಮೇಲಿನ ವಾಕ್ಯದಲ್ಲಿ 11 ಅಕ್ಷರ ಇದ್ದದ್ದು 22 ಆಗಿದೆ. ನೆನಪಿನಲ್ಲಿ ಅಷ್ಟನ್ನೂ ಹಿಡಿದಿಟ್ಟು ಆಮೇಲೆ ಸೋಸುತ್ತೇನೆ ಅಂದರೆ ಆಗುವುದಿಲ್ಲ. ಪದದಲ್ಲೇ ‘ಕ’ ಇದ್ದರಂತೂ ಮುಗಿಯಿತು: ‘ಕಕೆಕಳಕಗೆ’ಯಲ್ಲಿ ಯಾವುದು ಸೇರಿಸಿದ್ದು, ಯಾವುದು ಮೊದಲೇ ಇದ್ದದ್ದು?

ಅಂದರೆ ಇಲ್ಲಿ ಬೀಗ ಅನ್ನುವುದು ನಿಯಮವಲ್ಲ, ವೇಗ. ನಿಯಮ ಊರಿಗೆಲ್ಲ ಗೊತ್ತಿದ್ದರೂ ಪರವಾಗಿಲ್ಲ. ರೂಢಿಯಿಲ್ಲದವರ ಕಿವಿ ಅಷ್ಟು ಬೇಗ ಸೋಸಲಾರದು. ರೂಢಿಯಿರುವ ಮಗು ಪ್ರತಿ ಸಲ ಲೆಕ್ಕ ಹಾಕುತ್ತಾ ಕೂರುವುದಿಲ್ಲ. ‘ನಾನು’, ‘ಬೇಡ’, ‘ಹೇಳಬೇಡ’ ಇಂಥ ದಿನಬಳಕೆಯ ಪದಗಳು ‘ಕನಾಕನು’, ‘ಕಬೇಕಡ’ ಅಂತ ಇಡಿಯಾಗಿಯೇ ಬಾಯಿಗೆ ಕೂತಿರುತ್ತವೆ. ಅಪರೂಪದ ಉದ್ದ ಪದ ಬಂದಾಗ ಮಾತ್ರ ಎಲ್ಲರೂ ಒಂದು ಗಳಿಗೆ ತಡವರಿಸುತ್ತಾರೆ.

ತಿರುಗಿಸುವ ಆಟಗಳು

ಇನ್ನೊಂದು ಬಗೆಯಲ್ಲಿ ಮುಖ್ಯ ಕೆಲಸ ಸೇರಿಸುವುದಲ್ಲ, ಇದ್ದದ್ದನ್ನೇ ಜಾಗ ಬದಲಿಸುವುದು. ಇಂಗ್ಲಿಷಿನ ಪಿಗ್ ಲ್ಯಾಟಿನ್ ಎಲ್ಲರಿಗಿಂತ ಹೆಸರುವಾಸಿ. ಪದದ ಮೊದಲಲ್ಲಿರುವ ವ್ಯಂಜನವನ್ನು ಕೊನೆಗೆ ಒಯ್ದು ‘ಏ’ ಸೇರಿಸುವುದು. ‘ಪಿಗ್’ ಅನ್ನುವುದು ‘ಇಗ್‌ಪೇ’ ಆಗುತ್ತದೆ. ಮೊದಲಲ್ಲಿ ಮೂರು ವ್ಯಂಜನ ಒಟ್ಟಿಗಿದ್ದರೆ? ‘ಸ್ಟ್ರೀಟ್’ ಅನ್ನುವುದು ‘ಈಟ್‌ಸ್ಟ್ರೇ’. ಮೂರೂ ಒಂದೇ ಗಂಟಾಗಿ ಹೋಗುತ್ತವೆ. ಸ್ವರದಿಂದ ಶುರುವಾಗುವ ಪದಕ್ಕೆ ಏನು ಮಾಡಬೇಕು ಅನ್ನುವುದರಲ್ಲಿ ಮಾತ್ರ ಒಮ್ಮತವಿಲ್ಲ. ಕೆಲವರು ಕೊನೆಗೆ ‘ವೇ’ ಅನ್ನುತ್ತಾರೆ, ಕೆಲವರು ‘ಯೇ’, ಇನ್ನು ಕೆಲವರು ಬರೀ ‘ಏ’. ಆಟದ ಭಾಷೆಗೂ ಪ್ರಾದೇಶಿಕ ರೂಪಗಳು ಹುಟ್ಟಿವೆ ಅಂದಹಾಗಾಯಿತು.

ಲಂಡನ್ನಿನ ಬೀದಿ ವ್ಯಾಪಾರಿಗಳು 19ನೇ ಶತಮಾನದಲ್ಲಿ ಪದಗಳನ್ನು ಪೂರ್ತಿ ಹಿಂದುಮುಂದು ಮಾಡಿ ಮಾತಾಡುತ್ತಿದ್ದರು. ಪತ್ರಕರ್ತ ಹೆನ್ರಿ ಮೇಹ್ಯೂ 1851ರಲ್ಲಿ ಇದನ್ನು ದಾಖಲಿಸಿದ್ದಾನೆ. ‘ಬಾಯ್’ ತಿರುಗಿ ‘ಯಾಬ್’ ಆಯಿತು, ‘ಪೆನ್ನಿ’ ಅನ್ನುವ ನಾಣ್ಯ ‘ಯೆನ್ನೆಪ್’ ಆಯಿತು. ‘ಯೆನ್ನೆಪ್’ ಬಂದದ್ದು ಪದದ ದನಿಯಿಂದಲ್ಲ, ಸ್ಪೆಲ್ಲಿಂಗ್‌ನಿಂದ. ಕೊನೆಯಲ್ಲಿ ಬರೆಯುವ ‘ವೈ’ ಲಿಪಿ ಮೊದಲಿಗೆ ಬಂದು ಅಲ್ಲಿ ‘ಯ’ ಆಗಿದೆ. ಇಂಗ್ಲಿಷಿನವರು ಒಂದೊಂದು ಲಿಪಿಚಿಹ್ನೆಯನ್ನು ಬಿಡಿಸಿ ತಿರುಗಿಸುತ್ತಾರೆ.

ಕನ್ನಡದ ಮಗುವಿಗೆ ‘ಕನಸು’ ತಿರುಗಿಸು ಅಂದರೆ ಅದು ‘ಸುನಕ’ ಅನ್ನುತ್ತದೆ. ‘ಉಸನಕ್’ ಅನ್ನುವುದಿಲ್ಲ. ಅದಕ್ಕೆ ‘ಸು’ ಒಂದೇ ವಸ್ತು, ಅದನ್ನು ‘ಸ್’ ಮತ್ತು ‘ಉ’ ಅಂತ ಒಡೆಯುವ ಯೋಚನೆಯೇ ಬರುವುದಿಲ್ಲ. ಕಿಟಕಿ, ಕನಕ, ವಿಕಟಕವಿ, ನವಜೀವನ ಇವು ಹಿಂದಿನಿಂದ ಓದಿದರೂ ಒಂದೇ ಅಂತ ನಾವೆಲ್ಲ ಖುಷಿಪಟ್ಟವರೇ. ಆದರೆ ‘ಕಿಟಕಿ’ ಅಂತ ಹೇಳಿದ್ದನ್ನು ರೆಕಾರ್ಡ್ ಮಾಡಿ ಹಿಂದಿನಿಂದ ಓಡಿಸಿದರೆ ‘ಇಕಟಿಕ್’ ಅನ್ನುವಂಥದ್ದು ಕೇಳಿಸುತ್ತದೆ. ದನಿಯ ಲೆಕ್ಕದಲ್ಲಿ ಅದು ಎರಡೂ ಕಡೆಯಿಂದ ಒಂದೇ ಅಲ್ಲ, ಅಕ್ಷರದ ಲೆಕ್ಕದಲ್ಲಿ ಮಾತ್ರ ಒಂದೇ. ಕನ್ನಡಿಗರ ಮನಸ್ಸಿನಲ್ಲಿ ಪದದ ಇಟ್ಟಿಗೆ ಅಕ್ಷರವೇ ಅನ್ನುವುದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿ ಬೇಕಿಲ್ಲ.

ಜಪಾನಿನ ಇಟ್ಟಿಗೆ ಇನ್ನೂ ಬೇರೆ. ‘ಹೊನ್’ ಅಂದರೆ ಅವರಲ್ಲಿ ಪುಸ್ತಕ. ಬ್ ಸೇರಿಸುವ ಆಟದಲ್ಲಿ ಅದು ‘ಹೊಬೊನ್ಬು’ ಆಗುತ್ತದೆ. ಕೊನೆಯ ‘ನ್’ಗೆ ಸ್ವರವೇ ಇಲ್ಲ. ಆದರೂ ಅದಕ್ಕೆ ಪ್ರತ್ಯೇಕ ‘ಬು’ ಸಿಕ್ಕಿದೆ, ಯಾಕೆಂದರೆ ಜಪಾನಿ ಭಾಷೆ ಆ ‘ನ್’ಗೆ ಪೂರ್ತಿ ಒಂದು ತಾಳದ ಜಾಗ ಕೊಡುತ್ತದೆ. ನಮ್ಮಲ್ಲಿ ‘ಬಂದ’ ಅನ್ನುವುದನ್ನು ಕ ಭಾಷೆಗೆ ಹಾಕಿದರೆ ‘ಕಬಂಕದ’. ಸೊನ್ನೆಗೆ ಬೇರೆ ‘ಕ’ ಕೊಡುವುದಿಲ್ಲ, ಅದು ‘ಬ’ದ ಜೊತೆಗೇ ಅಂಟಿಕೊಂಡಿರುತ್ತದೆ.

ಒತ್ತಕ್ಷರದ ಹತ್ತಿರ ಕನ್ನಡಕ್ಕೂ ಒಂದು ತೊಡಕು ಇದೆ, ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು. ‘ಬಿದ್ದ’ ಅನ್ನುವುದನ್ನು ಹೇಗೆ ಕತ್ತರಿಸುತ್ತೀರಿ? ಬರೆಯುವಾಗ ‘ಬಿ’ ಒಂದು, ‘ದ್ದ’ ಒಂದು. ಹಾಗೆ ನೋಡಿದರೆ ‘ಕಬಿಕದ್ದ’. ಆದರೆ ನಿಧಾನವಾಗಿ ಹೇಳಿಕೊಂಡು ಕಿವಿಗೊಟ್ಟು ಕೇಳಿ. ‘ಬಿದ್’ ಅಂತ ಒಂದು ತುಂಡು, ‘ದ’ ಅಂತ ಇನ್ನೊಂದು. ಕಿವಿಯ ಪ್ರಕಾರ ಅದು ‘ಕಬಿದ್‌ಕದ’ ಆಗಬೇಕು. ಛಂದಸ್ಸು ಈ ವಿಷಯದಲ್ಲಿ ಕಿವಿಯ ಪರ ಇದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಶಾಲೆಯಲ್ಲಿ ಕಲಿಯುತ್ತೇವಲ್ಲ, ಅದು ಯಾಕೆ ಗುರು? ಒತ್ತಿನ ಅರ್ಧ ಭಾರ ಹಿಂದಿನ ಅಕ್ಷರದ ಮೇಲೆ ಬೀಳುವುದರಿಂದ. ಲಿಪಿ ಮಾತ್ರ ಆ ಭಾರವನ್ನು ಮುಂದಿನ ಅಕ್ಷರಕ್ಕೆ ಕಟ್ಟಿ ತೋರಿಸುತ್ತದೆ. ನಿಮ್ಮ ಸುತ್ತಮುತ್ತಲ ಮಕ್ಕಳಿಗೆ ‘ಅಮ್ಮ’, ‘ಬಿದ್ದ’, ‘ಹಕ್ಕಿ’ ಕೊಟ್ಟು ನೋಡಿ. ಕಣ್ಣಿಂದ ಕತ್ತರಿಸುತ್ತಾರೋ ಕಿವಿಯಿಂದ ಕತ್ತರಿಸುತ್ತಾರೋ ಅಂತ ಕೂಡಲೇ ತಿಳಿಯುತ್ತದೆ.

ಇಂಥದ್ದೇ ಪ್ರಶ್ನೆಯನ್ನು ಜೋಯೆಲ್ ಶೆರ್ಜರ್ ಎಂಬ ವಿದ್ವಾಂಸ ಪನಾಮಾದ ಕುನಾ ಜನರ ನಡುವೆ ನೋಡಿದ. ಅಲ್ಲಿನ ಮಕ್ಕಳು ಪದದ ಮೊದಲ ತುಂಡನ್ನು ಕೊನೆಗೆ ಹಾಕಿ ಆಡುತ್ತಾರೆ. ಅನಾನಸ್ ಹಣ್ಣಿಗೆ ‘ಓಸಿ’, ಆಟದಲ್ಲಿ ‘ಸಿಓ’. ಸರಳ ಪದಗಳಲ್ಲಿ ಎಲ್ಲರೂ ಒಂದೇ ರೀತಿ ಆಡಿದರು. ಕೆಲವು ಪದಗಳು ಬಂದಾಗ ಒಬ್ಬೊಬ್ಬರು ಒಂದೊಂದು ಕಡೆ ಕತ್ತರಿಸಿದರು. 1970ರಲ್ಲಿ ಶೆರ್ಜರ್ ಇದನ್ನು ಬರೆದಾಗ ಭಾಷಾಶಾಸ್ತ್ರಜ್ಞರ ಕಿವಿ ನೆಟ್ಟಗಾಯಿತು. ಒಂದೇ ಭಾಷೆ ಆಡುವವರ ತಲೆಯಲ್ಲಿ ಆ ಭಾಷೆಯ ಕಟ್ಟಡ ಒಂದೇ ಥರ ಇರಬೇಕು ಅಂತೇನಿಲ್ಲ, ಅದನ್ನು ಅವರನ್ನೇ ಕೇಳಿ ತಿಳಿಯಲು ಈ ಆಟ ಒಂದು ದಾರಿ.

ಚೀನಾದಲ್ಲಿ ಕತ್ತರಿ ಇನ್ನೂ ಒಳಗೆ ಹೋಗುತ್ತದೆ. ಯುವೆನ್ ರೆನ್ ಚಾವ್ ಎಂಬ ಭಾಷಾಶಾಸ್ತ್ರಜ್ಞ 1931ರಲ್ಲಿ ಅಲ್ಲಿನ ಎಂಟು ಬಗೆಯ ಗುಟ್ಟು ಭಾಷೆಗಳನ್ನು ವಿವರಿಸಿದ್ದಾನೆ. ಅವುಗಳಲ್ಲಿ ಒಂದರಲ್ಲಿ ‘ಮಾ’ ಅನ್ನುವ ಒಂದೇ ಉಚ್ಚಾರ ‘ಮೈ ಕಾ’ ಅಂತ ಎರಡಾಗುತ್ತದೆ. ಅಂದರೆ ‘ಮ್’ ಒಂದು ಕಡೆ, ‘ಆ’ ಇನ್ನೊಂದು ಕಡೆ. ನಮ್ಮ ಮಕ್ಕಳು ಮುಟ್ಟದೆ ಬಿಟ್ಟ ಅಕ್ಷರವನ್ನೇ ಒಡೆದು ಎರಡು ಹೋಳು ಮಾಡಿದ್ದಾರೆ. ಸ್ವೀಡನ್ನಿನ ಮಕ್ಕಳದೂ ಹೀಗೇ. ಅವರ ‘ದರೋಡೆಕೋರರ ಭಾಷೆ’ಯಲ್ಲಿ ಪ್ರತಿ ವ್ಯಂಜನವನ್ನು ಎರಡು ಸಲ ಹೇಳಿ ನಡುವೆ ‘ಒ’ ಇಡಬೇಕು. ‘ನಾಳೆ’ಗೆ ಆ ನಿಯಮ ಹಾಕಿದರೆ ‘ನೊನಾಳೊಳೆ’. ಆಸ್ಟ್ರಿಡ್ ಲಿಂಡ್‌ಗ್ರೆನ್ ಬರೆದ ಬಾಲ ಪತ್ತೇದಾರನ ಕಥೆಗಳಿಂದ ಅದು ದೇಶಕ್ಕೆಲ್ಲ ಹರಡಿತು.

ಈ ಅರಿವು ಎಲ್ಲಿಂದ ಬರುತ್ತದೆ?

ಮಾತಾಡಲು ಬಂದ ಮಾತ್ರಕ್ಕೆ ಮಾತನ್ನು ಬಿಡಿಸಲು ಬರುವುದಿಲ್ಲ. ಮೂರು ವರ್ಷದ ಮಗು ‘ಹಾಲು’ ಅಂದರೆ ಲೋಟದಲ್ಲಿರುವ ಹಾಲನ್ನೇ ನೋಡುತ್ತದೆ. ‘ಹಾಲು’ ಅನ್ನುವ ಪದದಲ್ಲಿ ಎರಡು ತುಂಡು ಇವೆ ಅಂತ ಗಮನಿಸಲು ಅರ್ಥವನ್ನು ಪಕ್ಕಕ್ಕಿಟ್ಟು ದನಿಯನ್ನಷ್ಟೇ ಕೇಳಬೇಕು. ಆ ಶಕ್ತಿ ನಿಧಾನವಾಗಿ ಬರುತ್ತದೆ. ಗುಟ್ಟು ಭಾಷೆಗಳ ಹುಚ್ಚು ಶಾಲೆಗೆ ಹೋಗುವ ವಯಸ್ಸಿನಲ್ಲಿ ಏರುವುದು ಅದಕ್ಕೇ.

ಓದು ಬರಹಕ್ಕೂ ಇದಕ್ಕೂ ಎಷ್ಟು ನಂಟಿದೆ ಅನ್ನುವುದನ್ನು 1979ರಲ್ಲಿ ಪೋರ್ಚುಗಲ್‌ನಲ್ಲಿ ನಡೆದ ಒಂದು ಅಧ್ಯಯನ ಚೆನ್ನಾಗಿ ತೋರಿಸಿತು. ಜೋಸೆ ಮೊರಾಯಿಸ್ ಮತ್ತು ಸಂಗಡಿಗರು ಓದಲು ಬಾರದ ದೊಡ್ಡವರಿಗೆ ಒಂದು ಪದ ಕೊಟ್ಟು ಅದರ ಮೊದಲ ಒಂದೇ ಒಂದು ವ್ಯಂಜನ ಬಿಟ್ಟು ಹೇಳಿ ಅಂದರು. ಹೆಚ್ಚಿನವರಿಗೆ ಆಗಲಿಲ್ಲ. ಅದೇ ಹಿನ್ನೆಲೆಯ, ದೊಡ್ಡವರಾದ ಮೇಲೆ ಓದಲು ಕಲಿತ ಜನರಿಗೆ ಅದು ಸಲೀಸಾಗಿ ಬಂತು. 1986ರಲ್ಲಿ ಚೀನಾದಲ್ಲೂ ಹೀಗೇ ಕಂಡಿತು. ಚಿತ್ರದಂಥ ಲಿಪಿಯನ್ನು ಮಾತ್ರ ಕಲಿತವರಿಗೆ ಒಂಟಿ ದನಿಯನ್ನು ಕೀಳುವುದು ಕಷ್ಟವಾಯಿತು, ಜೊತೆಗೆ ಪಿನ್‌ಯಿನ್ ಅನ್ನುವ ರೋಮನ್ ಬರಹ ಕಲಿತವರಿಗೆ ಸುಲಭವಾಯಿತು. ಒಂಟಿ ವ್ಯಂಜನವನ್ನು ಕೇಳಿಸಿಕೊಳ್ಳುವ ಕಿವಿಯನ್ನು ಬಹುಮಟ್ಟಿಗೆ ಲಿಪಿಯೇ ತಯಾರು ಮಾಡುತ್ತದೆ. ‘ನಾ’, ‘ಳೆ’ ಅಂತ ಇಡೀ ತುಂಡುಗಳನ್ನು ಕೇಳಿಸಿಕೊಳ್ಳಲು ಲಿಪಿಯ ಹಂಗು ಅಷ್ಟಿಲ್ಲ. ಓದಲು ಶುರುಮಾಡುವ ಮುಂಚೆಯೇ ಮಕ್ಕಳು ಚಪ್ಪಾಳೆ ತಟ್ಟಿ ಅವನ್ನು ಎಣಿಸಬಲ್ಲರು.

ಅಕ್ಷರಕ್ಕೆ ಅಕ್ಷರ ಬದಲಿಸುವ ಗುಪ್ತ ಬಗೆಗಳೂ ಇವೆ, ಅವು ಹಳೆಯವು. ವಾತ್ಸ್ಯಾಯನ ಹೇಳುವ 64 ಕಲೆಗಳಲ್ಲಿ ‘ಮ್ಲೇಚ್ಛಿತ ವಿಕಲ್ಪ’, ಅಂದರೆ ಗುಟ್ಟಾಗಿ ಮಾತಾಡುವ, ಬರೆಯುವ ಕಲೆಯೂ ಒಂದು. ವ್ಯಾಖ್ಯಾನಕಾರ ಯಶೋಧರ ಅಲ್ಲಿ ‘ಮೂಲದೇವೀಯ’ ಎಂಬ ಪದ್ಧತಿಯನ್ನು ವಿವರಿಸುತ್ತಾನೆ. ಮ ಇದ್ದಲ್ಲಿ ನ, ರ ಇದ್ದಲ್ಲಿ ಷ, ತ ಇದ್ದಲ್ಲಿ ಪ, ಹೀಗೆ ಜೋಡಿಗಳು. ‘ಮರ’ ಅನ್ನುವುದು ‘ನಷ’ ಆಗುತ್ತದೆ. ಗುಟ್ಟು ಕಾಪಾಡಲು ಇದು ಗಟ್ಟಿ. ಆದರೆ ಒಂದಿಡೀ ಪಟ್ಟಿ ಬಾಯಿಪಾಠ ಆಗಬೇಕು, ಮಾತಿನ ನಡುವೆ ಪ್ರತಿ ಅಕ್ಷರಕ್ಕೂ ಅದನ್ನು ನೆನೆಯಬೇಕು. ಆಟದ ಬಯಲಲ್ಲಿ ಓಡುತ್ತಾ ಹೇಳುವುದಕ್ಕೆ ಒಂದೇ ನಿಯಮದ ಕ ಭಾಷೆಯೇ ವಾಸಿ.

ಪದಗಳನ್ನೇ ಹೊಸದಾಗಿ ಹುಟ್ಟಿಸುವ ಮಕ್ಕಳು ಕಡಿಮೆ. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಜೆ.ಆರ್.ಆರ್. ಟೋಲ್ಕಿನ್ ಚಿಕ್ಕವನಾಗಿದ್ದಾಗ ಅವನ ಸಂಬಂಧಿ ಮಕ್ಕಳು ಪ್ರಾಣಿ ಪಕ್ಷಿಗಳ ಹೆಸರಿನಲ್ಲೇ ಮಾತಾಡುವ ಒಂದು ಭಾಷೆ ಮಾಡಿಕೊಂಡಿದ್ದರು. "ನಾಯಿ ನೈಟಿಂಗೇಲ್ ಮರಕುಟಿಗ ನಲವತ್ತು" ಅಂದರೆ "ನೀನೊಂದು ಕತ್ತೆ" ಅಂತ ಅರ್ಥ. ಅದರಲ್ಲಿ ಕತ್ತೆ ಅನ್ನುವುದು ನಲವತ್ತು, ನಲವತ್ತು ಅನ್ನುವುದು ಕತ್ತೆ. ಆಮೇಲೆ ಅವರು ಕಟ್ಟಿದ ‘ನೆವ್‌ಬಾಶ್’ ಎಂಬ ಭಾಷೆಗೆ ಟೋಲ್ಕಿನ್ ಕೂಡ ಪದಗಳನ್ನು ಸೇರಿಸಿದ. ಅವಳಿ ಮಕ್ಕಳ ನಡುವಿನ ಗುಟ್ಟಿನ ಮಾತನ್ನು ಮಾತ್ರ ಇವುಗಳ ಜೊತೆ ಸೇರಿಸಬಾರದು. ಅದು ಬೇಕೆಂದೇ ಕಟ್ಟಿದ್ದಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಸುದ್ದಿಯಾದ ‘ಪೋಟೋ’ ಮತ್ತು ‘ಕಬೆಂಗೋ’ ಎಂಬ ಅಡ್ಡಹೆಸರಿನ ಅವಳಿಗಳ ಮಾತನ್ನು ತಜ್ಞರು ಬಿಡಿಸಿ ನೋಡಿದಾಗ ಸಿಕ್ಕಿದ್ದು ಮನೆಯಲ್ಲಿ ಕೇಳಿದ ಇಂಗ್ಲಿಷ್ ಮತ್ತು ಜರ್ಮನ್, ಗುರುತು ಸಿಗದಷ್ಟು ಸವೆದು ಬೆರೆತದ್ದು.

ಆಟದಿಂದ ನಿಘಂಟಿಗೆ

ಗುಟ್ಟು ಹೆಚ್ಚು ದಿನ ಗುಟ್ಟಾಗಿ ಉಳಿಯುವುದಿಲ್ಲ. ಕೆಲವು ಪದಗಳು ತಪ್ಪಿಸಿಕೊಂಡು ಹೊರಬರುತ್ತವೆ. ಲಂಡನ್ನಿನ ‘ಯಾಬ್’ ಇವತ್ತು ಬ್ರಿಟಿಷ್ ಇಂಗ್ಲಿಷಿನಲ್ಲಿ ಪುಂಡ ಹುಡುಗನಿಗೆ ಇರುವ ಸಾಮಾನ್ಯ ಪದ. ಫಿಲಿಪೈನ್ಸ್‌ನಲ್ಲಿ ಗಟ್ಟಿತನ ಅನ್ನುವ ಅರ್ಥದ ‘ತಿಗಾಸ್’ ತಿರುಗಿ ‘ಆಸ್ತಿಗ್’ ಆಗಿ, ಈಗ ಮೆಚ್ಚುಗೆ ಹೇಳಲು ಎಲ್ಲರೂ ಬಳಸುತ್ತಾರೆ. ಅರ್ಜೆಂಟೀನಾದಲ್ಲಿ ‘ಟ್ಯಾಂಗೋ’ ತಿರುಗಿ ‘ಗೋಟಾನ್’ ಆಯಿತು.

ಫ್ರಾನ್ಸಿನ ‘ವೆರ್ಲಾನ್’ ಇದರಲ್ಲಿ ಎಲ್ಲರಿಗಿಂತ ಮುಂದೆ ಹೋಯಿತು. ಅದು ಮಕ್ಕಳಿಗಿಂತ ಹದಿಹರೆಯದವರ ಮಾತು. ಪದದ ತುಂಡುಗಳನ್ನು ಅದಲುಬದಲು ಮಾಡುವುದೇ ಅದರ ನಿಯಮ. ‘ಫಾಮ್’ ಅಂದರೆ ಹೆಂಗಸು, ಅದು ‘ಮಫ್’ ಆಯಿತು. ‘ಆರಾಬ್’ ತಿರುಗಿ ‘ಬರ್’ ಆಯಿತು. ಫ್ರಾನ್ಸಿನಲ್ಲೇ ಹುಟ್ಟಿ ಬೆಳೆದ, ಉತ್ತರ ಆಫ್ರಿಕಾ ಮೂಲದ ಮನೆಗಳ ಹುಡುಗರು ತಮ್ಮನ್ನು ಹಾಗೆ ಕರೆದುಕೊಂಡರು. 1980ರ ದಶಕಕ್ಕೆ ಪತ್ರಿಕೆಗಳು ಆ ಪದವನ್ನು ಎತ್ತಿಕೊಂಡವು, ನಿಘಂಟಿಗೂ ಅದು ಸೇರಿತು. ಎಲ್ಲರ ಬಾಯಿಗೆ ಬಂದ ಮೇಲೆ ಅದು ಅವರದ್ದಾಗಿ ಉಳಿಯಲಿಲ್ಲ. ಆಗ ಹುಡುಗರು ‘ಬರ್’ ಅನ್ನೇ ಇನ್ನೊಮ್ಮೆ ತಿರುಗಿಸಿದರು. ಎರಡು ಸಲ ತಿರುಗಿಸಿದರೆ ಹಳೆಯ ‘ಆರಾಬ್’ ವಾಪಸ್ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಮೊದಲ ಸಲ ತಿರುಗುವಾಗಲೇ ಅದರ ‘ಆ’ಗಳು ಉದುರಿಹೋಗಿದ್ದವು. ಬಂದದ್ದು ‘ರಬ’. ಅದು ಈಗಲೂ ಅಲ್ಲಿನ ಆಡುಮಾತಿನಲ್ಲಿದೆ.